ಆಸ್ಪತ್ರೆಯಲ್ಲಿ ಬಿಟ್ಟ ಬೀಡಿ ಮನೆಗೆ ಬಂದ ಮೇಲೂ ಬಿಟ್ಟೇ ಇರಲು: ಯಾರಿಗೆ ಯಾವ ದಾರಿ?

ಕುಮಟಾದಲ್ಲಿ ನಮ್ಮದು ಔಷಧ ಅಂಗಡಿ. ಡಿಸ್ಚಾರ್ಜ್ ಆದವರ ಮನೆಯವರು ಬಸ್ಸಿಳಿದು ನೇರ ಇಲ್ಲಿಗೇ ಬರುತ್ತಾರೆ. ಒಬ್ಬರ ಕೈಯಲ್ಲಿ ಮಣಿಪಾಲದ ಫೈಲು, ಇನ್ನೊಬ್ಬರದ್ದು ಹುಬ್ಬಳ್ಳಿಯದು, ಗೋವೆಯ ಬಾಂಬೋಳಿಯದು, ಕಾರವಾರದ ಕ್ರಿಮ್ಸ್‌ನದು, ದೇವಿಮನೆ ಘಟ್ಟ ಇಳಿದು ಬಂದವರದ್ದು ಶಿರಸಿಯದು. ಚೀಟಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಕಟ್ಟಿಕೊಟ್ಟ ಮೇಲೆ ದುಡ್ಡು ಎಣಿಸುತ್ತಾ, ದನಿ ತಗ್ಗಿಸಿ ಕೇಳುತ್ತಾರೆ: "ಆಸ್ಪತ್ರೆಲಿ ಹತ್ತು ದಿನ ಬೀಡಿ ಮುಟ್ಟಲಿಲ್ಲ. ಇನ್ನೂ ಮುಟ್ಟದ ಹಾಗೆ ಮಾಡೋಕೆ ಏನಾದ್ರೂ ಇದ್ಯಾ?" ಬೀಡಿಯ ಬದಲು ನಿಕೋಟಿನ್ ಕೊಡುವ ಗಮ್ ತಗೊಳ್ಳುವುದಾ, ಮಾತ್ರೆ ಒಳ್ಳೆಯದಾ, ಬೀಡಿ ಸಿಗರೇಟಿನ ಪಾಕೀಟಿನ ಮೇಲಿರುವ ನಂಬರಿಗೆ ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರಾ, ಇಲ್ಲಾ ಮನಸ್ಸು ಗಟ್ಟಿ ಮಾಡಿದರೆ ಸಾಕಾ? ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ದಿನಗಳು ಯಾಕೆ ಮುಖ್ಯ ಎನ್ನುವುದನ್ನು ಮೊದಲು ಹೇಳಬೇಕು. ಬೀಡಿ ಸಿಗರೇಟು ನಿಲ್ಲಿಸಿದ ಮೇಲೆ ಬರುವ ಚಡಪಡಿಕೆ, ಸಿಟ್ಟು, ನಿದ್ದೆಗೇಡುಗಳು ಮೊದಲ ಎರಡು ಮೂರು ದಿನ ಜೋರಾಗಿದ್ದು, ಆಮೇಲೆ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತಾ ಬರುತ್ತವೆ. ಆಸ್ಪತ್ರೆಯ ಆವರಣದಲ್ಲಿ ಸೇದುವ ಹಾಗಿಲ್ಲ. ಮೈಯಲ್ಲಿ ಶಕ್ತಿ ಇರುವುದಿಲ್ಲ, ಮನಸ್ಸಿನಲ್ಲಿ ಹೆದರಿಕೆ ಇರುತ್ತದೆ. ಹೀಗೆ ಅತಿ ಕಷ್ಟದ ದಿನಗಳು ಹಾಸಿಗೆಯ ಮೇಲೆಯೇ ಕಳೆದುಹೋಗುತ್ತವೆ. ಉಳಿದದ್ದು ಮನೆಯಲ್ಲಿ, ಬಾಗಿಲಾಚೆಯ ಗೂಡಂಗಡಿಯ ಎದುರು ಕಳೆಯಬೇಕಾದ ದಿನಗಳು. ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದೂ ಇದೇ. ವಾರ್ಡಿನಲ್ಲಿ ಬುದ್ಧಿ ಹೇಳಿ ಕೈತೊಳೆದುಕೊಂಡರೆ ಅಷ್ಟೇನೂ ಫಲವಿಲ್ಲ. ವಾರ್ಡಿನಲ್ಲಿ ಶುರುವಾದ ನೆರವು ಡಿಸ್ಚಾರ್ಜ್ ಆದ ಮೇಲೂ ಕನಿಷ್ಠ ಒಂದು ತಿಂಗಳು ಮುಂದುವರಿದರೆ ಬಿಡುವವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ತೊಡಕಾಗುವುದೂ ಅಲ್ಲಿಯೇ. ದೊಡ್ಡ ಕಾಯಿಲೆ ಬಂದರೆ ಜಿಲ್ಲೆ ದಾಟಿ ಹೋಗುತ್ತೇವೆ. ಚಿಕಿತ್ಸೆ ಕೊಟ್ಟ ವೈದ್ಯರು ನೂರು, ನೂರೈವತ್ತು ಕಿಲೋಮೀಟರ್ ಆಚೆ ಉಳಿಯುತ್ತಾರೆ, ನಾವು ಮನೆಗೆ ಬರುತ್ತೇವೆ. ಬೀಡಿಯ ವಿಷಯಕ್ಕೆ ಅಂತ ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆ?

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ? ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ. ಎದ್ದು ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನುವವರಿಗೆ ಚಟ ಆಳವಾಗಿ ಬೇರು ಬಿಟ್ಟಿದೆ, ಬರೀ ಮನೋಬಲದ ಮೇಲೆ ಅವರನ್ನು ಬಿಡಬಾರದು. "ಅವರು ಸೇದೋದು ಬೀಡಿ, ಸಿಗರೇಟಲ್ಲ" ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಬೀಡಿಯ ಎಲೆ ಸರಿಯಾಗಿ ಉರಿಯುವುದಿಲ್ಲ, ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಹಾಗಾಗಿ ಗಾತ್ರ ಚಿಕ್ಕದಾದರೂ ಒಳಗೆ ಹೋಗುವ ನಿಕೋಟಿನ್ (ಚಟ ಹಿಡಿಸುವುದು ಇದೇ), ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸಿಗರೇಟಿಗಿಂತ ಕಡಿಮೆಯಲ್ಲ.

ಎರಡನೆಯದು, ಕಾಯಿಲೆ ಯಾವುದು, ಈಗ ತೆಗೆದುಕೊಳ್ಳುತ್ತಿರುವ ಔಷಧ ಯಾವುದು. ಮೂರನೆಯದು, ಡಿಸ್ಚಾರ್ಜ್ ಆದ ಮೇಲೆ ಒಂದು ತಿಂಗಳು ಬೆನ್ನಿಗೆ ಯಾರಿರುತ್ತಾರೆ. ನಾಲ್ಕನೆಯದು ದುಡ್ಡು, ಅದೂ ಒಂದು ವಾರದ ಲೆಕ್ಕವಲ್ಲ, 12 ವಾರದ ಲೆಕ್ಕ. ಕೊನೆಯದಾಗಿ, ಆ ಮನುಷ್ಯ ಮರಳಿ ಹೋಗುವುದು ಎಲ್ಲಿಗೆ: ಬೋಟಿಗೋ, ತೋಟಕ್ಕೋ, ಲಾರಿಯ ಸ್ಟಿಯರಿಂಗಿಗೋ, ಮನೆಯ ಜಗುಲಿಗೋ. ಇವಿಷ್ಟು ಗೊತ್ತಾದರೆ ಮುಂದಿನದು ಅಷ್ಟು ಗೊಂದಲವಲ್ಲ.

ಮನಸ್ಸು ಗಟ್ಟಿ ಮಾಡಿ ಬಿಡುವುದು

ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. ಹೀಗೇ ಬಿಟ್ಟು ಗೆದ್ದವರು ನಿಮ್ಮ ಕೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ಆದರೆ ಯಾವ ನೆರವೂ ಇಲ್ಲದೆ ಒಂದು ಸಲ ಪ್ರಯತ್ನಿಸಿದ ನೂರು ಜನರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ. ದಿನಕ್ಕೆ ನಾಲ್ಕೈದು ಸೇದುವವರಿಗೆ, ಊಟವಾದ ಮೇಲೆ ಮಾತ್ರ ನೆನಪಾಗುವವರಿಗೆ ಇದು ಸಾಕಾಗಬಹುದು. ಉಳಿದವರಿಗೆ ನಾನು ಹೇಳುವುದಿಲ್ಲ. ಸೋತಾಗ "ನನ್ನ ಕೈಲಾಗೋದಲ್ಲ" ಎಂಬ ಭಾವನೆ ಒಳಗೆ ಕೂತುಬಿಡುತ್ತದೆ, ಮುಂದಿನ ಪ್ರಯತ್ನಕ್ಕೆ ಅದೇ ಅಡ್ಡಿ.

ಪಾಕೀಟಿನ ಮೇಲಿರುವ ನಂಬರು

1800-11-2356. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ಫೋನಿನಲ್ಲೇ ನೆರವು ಕೊಡುವ ಸೇವೆ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಯಿತು. 2018ರಿಂದ ಪಾಕೀಟುಗಳ ಮೇಲೆ ಅಚ್ಚಾಗುತ್ತಿದೆ. ಕರೆ ಉಚಿತ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಕನ್ನಡದಲ್ಲೇ ಮಾತಾಡಬಹುದು, ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ.

ನನಗೆ ಇದರಲ್ಲಿ ಹಿಡಿಸಿದ್ದು, ಒಂದು ಸಲ ನಾವು ಕರೆ ಮಾಡಿ ಹೆಸರು ಕೊಟ್ಟು ಬಿಡುವ ದಿನ ಗೊತ್ತುಮಾಡಿಕೊಂಡರೆ, ಆಮೇಲೆ ಅವರೇ ತಿರುಗಿ ಕರೆ ಮಾಡಿ ವಿಚಾರಿಸುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಬೆನ್ನಿಗೆ ಯಾರು ಎಂಬ ಪ್ರಶ್ನೆಗೆ ನಮ್ಮಂಥ ಜಿಲ್ಲೆಯಲ್ಲಿ ಇದಕ್ಕಿಂತ ಅಗ್ಗದ ಉತ್ತರ ಸಿಗುವುದು ಕಷ್ಟ. ಕೊರತೆಯೂ ಇದೆ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಬೋಟಿನಲ್ಲಿ ದಡ ಕಾಣದಷ್ಟು ದೂರ ಹೋದವರಿಗೆ ಕರೆಯೇ ತಲುಪುವುದಿಲ್ಲ. ಅಪರಿಚಿತ ನಂಬರಿನ ಕರೆಯನ್ನು ಎತ್ತದ ಹಿರಿಯರೂ ಇದ್ದಾರೆ. ಹಾಗಾಗಿ ವಾರ್ಡಿನಲ್ಲಿರುವಾಗಲೇ, ರೋಗಿಯೇ ಫೋನ್ ಹಿಡಿದು ಮೊದಲ ಕರೆ ಮಾಡಲಿ. ಮಗನೋ ಮಗಳೋ ಅವರ ಪರವಾಗಿ ಮಾಡಿದರೆ ಅಷ್ಟು ನಡೆಯುವುದಿಲ್ಲ. ಮನೆಯವರ ಇನ್ನೊಂದು ನಂಬರನ್ನೂ ಕೊಟ್ಟಿರಿ.

ಗಮ್: ಸುಲಭಕ್ಕೆ ಸಿಗುವುದು, ಸುಲಭಕ್ಕೆ ಕೆಡುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಎರಡು ವರ್ಷದ ಹಿಂದೆ ತದಡಿ ಕಡೆಯ ಒಬ್ಬ ಮೀನುಗಾರರಿಗೆ ನಾನೇ ಗಮ್ ಕೊಟ್ಟೆ, ಬಳಸುವುದು ಹೇಗೆಂದು ಹೇಳಿಕೊಡಲಿಲ್ಲ. ಐವತ್ತು ದಾಟಿದವರು, ದಮ್ಮಿನ ಕಾಯಿಲೆಗೆ ಅಡ್ಮಿಟ್ ಆಗಿ ಬಂದಿದ್ದರು. ಮೂರೇ ದಿನದಲ್ಲಿ ಮುಕ್ಕಾಲು ಪಾಲು ಉಳಿದ ಡಬ್ಬಿಯನ್ನು ತಂದು ಕೌಂಟರಿನ ಮೇಲಿಟ್ಟರು. "ಬಿಕ್ಕಳಿಕೆ ನಿಲ್ಲಲ್ಲ, ಎದೆ ಉರೀತದೆ. ಇದ್ಕಿಂತ ಬೀಡಿನೇ ವಾಸಿ." ವಿಚಾರಿಸಿದರೆ ಸಾದಾ ಚ್ಯೂಯಿಂಗ್ ಗಮ್ಮಿನ ಹಾಗೆ ಎಡೆಬಿಡದೆ ಜಗಿದು, ಜೊಲ್ಲನ್ನೆಲ್ಲ ನುಂಗಿದ್ದರು. ನಿಕೋಟಿನ್ ಹೊಟ್ಟೆಗೆ ಹೋದರೆ ಉರಿ, ಬಿಕ್ಕಳಿಕೆ. ಅದು ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಚರ್ಮದಿಂದ. ಆ ತಪ್ಪು ನನ್ನದು. ಅವರು ಅದೇ ವಾರ ಮತ್ತೆ ಬೀಡಿ ಹಚ್ಚಿದರು.

ಅಂದಿನಿಂದ ಪ್ರತಿಯೊಬ್ಬರಿಗೂ ಎದುರು ನಿಲ್ಲಿಸಿ ಹೇಳುತ್ತೇನೆ. ಒಂದು ಗಮ್ ಬಾಯಿಗೆ ಹಾಕಿ ನಿಧಾನ ಜಗಿಯಿರಿ. ನಾಲಿಗೆಗೆ ಖಾರ ಹತ್ತಿದ ಹಾಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕವಳವನ್ನು (ಎಲೆಯಡಿಕೆಯನ್ನು) ಕೆನ್ನೆಗೆ ಒತ್ತಿಡುತ್ತಾರಲ್ಲ, ಹಾಗೆ ಒಂದು ಬದಿಗೆ ಒತ್ತಿಡಿ. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಕವಳದ ಮಾತು ಹೇಳಿದ ಮೇಲೆ ನಮ್ಮ ಕಡೆಯವರಿಗೆ ಮತ್ತೇನೂ ವಿವರಿಸಬೇಕಾಗಿಲ್ಲ. ಗಮ್ಮಿಗೆ ಕಾಲು ಗಂಟೆ ಮುಂಚೆಯಿಂದ ಅದನ್ನು ಉಗುಳುವವರೆಗೆ ಚಹಾ, ಕಾಫಿ, ಪುನರ್ಪುಳಿ ಪಾನಕ, ಲಿಂಬು ಶರಬತ್ತು ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ.

2 ಮಿಲಿಗ್ರಾಂನದು ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಬೇಕಾದ್ದು 4. ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬರೆಸಿಕೊಳ್ಳಿ ಎನ್ನುವುದು ಅದಕ್ಕೇ. ಮೊದಲ ಆರು ವಾರ ಎಚ್ಚರವಿರುವಾಗ ಗಂಟೆ ಎರಡು ಗಂಟೆಗೊಂದು, ಆಮೇಲಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಬಯಕೆ ಬಂದಾಗ ಮಾತ್ರ ಒಂದು ಎಂದು ದಿನಕ್ಕೆ ಎರಡೇ ಜಗಿಯುವವರು ಸೋಲುವುದನ್ನು ಬಹಳ ನೋಡಿದ್ದೇನೆ.

ದುಡ್ಡಿನ ಲೆಕ್ಕ: ಒಂದು ಗಮ್ಮಿಗೆ ಸುಮಾರು ಹತ್ತು ರೂಪಾಯಿ ಹಿಡಿದರೆ, ದಿನಕ್ಕೆ ಹತ್ತರಿಂದ ಶುರುಮಾಡಿ ಇಳಿಸುತ್ತಾ ಬಂದರೂ 12 ವಾರಕ್ಕೆ ಆರು ಸಾವಿರದ ಆಸುಪಾಸು. ದಿನಕ್ಕೊಂದು ಪಾಕೀಟು ಸಿಗರೇಟು ಸೇದುತ್ತಿದ್ದವರಿಗೆ ಇದು ಉಳಿತಾಯವೇ. ಬೀಡಿ ಸೇದುವವರಿಗೆ ಹಾಗಲ್ಲ, ಗಮ್ ಬೀಡಿಗಿಂತ ದುಬಾರಿ. ಬಡವರು ಎರಡನೆಯ ವಾರಕ್ಕೆ ನಿಲ್ಲಿಸುವುದು ಇದೇ ಕಾರಣಕ್ಕೆ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಗಮ್ಮಿನಂಥ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ, ಸರಕಾರಿ ಆಸ್ಪತ್ರೆಯಲ್ಲಿದ್ದರೆ ಅಲ್ಲಿಯೇ ಸಿಗುತ್ತದೆಯಾ ಎಂದು ಮೊದಲು ಕೇಳಿ. ನನ್ನ ಅಂಗಡಿಗೆ ಬರುವುದು ಆಮೇಲಿನ ಮಾತು.

ಹಲ್ಲಿಲ್ಲದವರಿಗೆ, ಕಟ್ಟಿಸಿದ ಹಲ್ಲಿನವರಿಗೆ ಗಮ್ ಆಗದು. ಬಾಯಲ್ಲಿ ಕರಗುವ ಲಾಜೆಂಜ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ನೋಡಬೇಕು. ಪ್ಯಾಚ್ ಬೆಳಿಗ್ಗೆ ಅಂಟಿಸಿದರೆ ದಿನವಿಡೀ ನಿಧಾನವಾಗಿ ಕೆಲಸ ಮಾಡುತ್ತದೆ, ನೆನಪಿಡುವ ರಗಳೆ ಇಲ್ಲ. ಆದರೆ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ತರಿಸಬೇಕಾಗುತ್ತದೆ. ಕರಾವಳಿಯ ಏಪ್ರಿಲ್ ಮೇ ಬೆವರಿಗೆ, ಬೋಟಿನವರಿಗೆ ಉಪ್ಪುನೀರಿಗೆ ಅಂಟು ಬಿಡುತ್ತದೆ. ಘಟ್ಟದ ಮೇಲೆ ಆ ತೊಂದರೆ ಕಡಿಮೆ. ಪ್ಯಾಚ್ ಹಚ್ಚಿ, ಬಯಕೆ ಏರಿದಾಗ ಮೇಲೊಂದು ಗಮ್ ಜಗಿಯುವುದು ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದು ಚಟ ಆಳವಾಗಿರುವವರು ವೈದ್ಯರ ಹತ್ತಿರ ಇದನ್ನು ಕೇಳಬಹುದು.

ಹೃದಯಾಘಾತವಾಗಿ ಬಂದವರು "ನಿಕೋಟಿನ್ ಎದೆಗೆ ಕೆಟ್ಟದಲ್ಲವಾ?" ಎಂದು ಹೆದರುತ್ತಾರೆ. ಮೊದಲ ಎರಡು ವಾರ ವೈದ್ಯರು ಹೇಳಿದರಷ್ಟೇ ಬಳಸಿ. ಆದರೆ ಬೀಡಿಯ ಹೊಗೆಯಲ್ಲಿ ನಿಕೋಟಿನ್ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಇದೆ, ಸಾವಿರಾರು ರಾಸಾಯನಿಕಗಳಿವೆ. ಗಮ್ಮಿನಲ್ಲಿ ಅವಿಲ್ಲ. ಹೃದಯದ ಕಾಯಿಲೆಯವರು ಧೂಮಪಾನ ಬಿಟ್ಟರೆ, ಸೇದುತ್ತಲೇ ಇರುವವರಿಗಿಂತ ಸಾವಿನ ಅಪಾಯ ಸುಮಾರು ಮೂರನೇ ಒಂದಂಶ ಇಳಿಯುತ್ತದೆ. ಸ್ಟೆಂಟ್ ಹಾಕಿಸಲು ಸಾಲ ಮಾಡಿದವರಿಗೆ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ.

ಮಾತ್ರೆಗಳು

ಸೇದುವ ಬಯಕೆ ತಗ್ಗಿಸುವ ಮಾತ್ರೆಗಳು ಎರಡು: ವಾರೆನಿಕ್ಲಿನ್, ಬುಪ್ರೋಪಿಯಾನ್. ಎರಡಕ್ಕೂ ಚೀಟಿ ಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಎರಡೂ ಸೇರಿವೆ.

ಒಂಟಿಯಾಗಿ ಬಳಸುವ ಔಷಧಗಳಲ್ಲಿ ವಾರೆನಿಕ್ಲಿನ್ ಮೇಲುಗೈ. ಪ್ಯಾಚ್ ಮತ್ತು ಗಮ್ ಜೋಡಿ ಅದಕ್ಕೆ ಸಮನಾಗಿ ನಿಲ್ಲುತ್ತದೆ. ಮೊದಲ ಮೂರು ದಿನ ಅರ್ಧ ಮಿಲಿಗ್ರಾಂ ದಿನಕ್ಕೊಂದು, ನಾಲ್ಕರಿಂದ ಏಳನೇ ದಿನ ಅರ್ಧ ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಹೊಟ್ಟೆ ತೊಳಸುವುದು ಇದರ ಮುಖ್ಯ ತೊಂದರೆ. ಊಟವಾದ ಮೇಲೆ, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಂಡರೆ ಬಹುಪಾಲು ತಡೆಯುತ್ತದೆ. ಕೆಲವರಿಗೆ ಎಚ್ಚರದಲ್ಲಿ ಕಂಡಷ್ಟು ಸ್ಪಷ್ಟವಾದ ಕನಸುಗಳು ಬೀಳುತ್ತವೆ. ತಲೆ ತಿರುಗುತ್ತದೋ ಎಂದು ಒಂದು ವಾರ ನೋಡಿಕೊಂಡೇ ಬೋಟು ಹತ್ತಬೇಕು, ಲಾರಿ ಓಡಿಸಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ಮನಸ್ಸು ಕೆಡಿಸುತ್ತದೆ ಎಂಬ ಹಳೆಯ ಹೆದರಿಕೆಯನ್ನು 2016ರಲ್ಲಿ ಪ್ರಕಟವಾದ, ಎಂಟು ಸಾವಿರದಷ್ಟು ಜನರ ಮೇಲೆ ನಡೆದ ದೊಡ್ಡ ಪರೀಕ್ಷೆ ಬಹುಮಟ್ಟಿಗೆ ತೆಗೆದುಹಾಕಿತು. ಆದರೂ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ. ಮೊದಲ ಸ್ಟ್ರಿಪ್ ಕೊಳ್ಳುವ ಮುಂಚೆ 12 ವಾರದ ಒಟ್ಟು ಬೆಲೆ ಎಷ್ಟೆಂದು ಕೇಳಿ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ.

ಬುಪ್ರೋಪಿಯಾನ್ ಫಿಟ್ಸ್ ಇರುವವರಿಗೆ ಕೂಡದು. ನಮ್ಮ ಕರಾವಳಿಯಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬೀಡಿಯ ಜೊತೆ ದಿನವೂ ಕುಡಿಯುವ ಅಭ್ಯಾಸವಿದ್ದವರು ಆಸ್ಪತ್ರೆ ಸೇರಿದಾಗ ಎರಡೂ ಒಮ್ಮೆಲೇ ನಿಲ್ಲುತ್ತವೆ. ಕುಡಿತ ಹಠಾತ್ತಾಗಿ ನಿಂತಾಗಲೇ ಫಿಟ್ಸ್ ಬರುವ ಅಪಾಯವಿದೆ, ಅದರ ಮೇಲೆ ಈ ಮಾತ್ರೆ ಬೇಡ. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಡಬೇಡಿ, ಸೇರಿಸುವ ದಿನವೇ ವೈದ್ಯರ ಕಿವಿಗೆ ಹಾಕಿ. ಇಂಥವರಿಗೆ ಎದುರು ಕೂತು ಮಾತಾಡುವ ಸಮಾಲೋಚನೆಯೇ ಒಳ್ಳೆಯದು. ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ಬಿಡಿಸುವ ಉಚಿತ ಸಮಾಲೋಚನೆ ಇರುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಕಾರವಾರಕ್ಕೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ಮಗನಿದ್ದರೆ ಅವನ ಜೊತೆಗೇ ಹೋಗಿ ಬರಬಹುದು. ಒಂದು ಕೂಲಿ ಹೋಗುತ್ತದೆ ಎಂಬುದು ನಿಜ.

ಆಯ್ಕೆಯ ನಡುವೆ ತಪ್ಪಿಹೋಗುವ ಒಂದು ಸಂಗತಿ

ದಮ್ಮಿಗೆ ಡೆರಿಫಿಲಿನ್ ಥರದ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ. ಬೀಡಿಯ ಹೊಗೆ ಯಕೃತ್ತನ್ನು ಚುರುಕು ಮಾಡಿ ಈ ಔಷಧವನ್ನು ಬೇಗ ಕರಗಿಸುತ್ತಿರುತ್ತದೆ. ಬೀಡಿ ನಿಂತ ವಾರದೊಳಗೆ ಆ ಚುರುಕು ಇಳಿಯುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ವಾಂತಿ. ಮನೆಯವರು ಇದನ್ನು "ಬೀಡಿ ಬಿಟ್ಟಿದ್ದಕ್ಕೇ ಹೀಗಾಯ್ತು" ಎಂದುಕೊಂಡು ಒಂದು ಕಟ್ಟು ತಂದುಕೊಟ್ಟದ್ದನ್ನೂ ಕಂಡಿದ್ದೇನೆ. ಬೇಕಾದದ್ದು ಬೀಡಿಯಲ್ಲ, ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ ಇಳಿಸುವುದು. ಮಾನಸಿಕ ಕಾಯಿಲೆಗೆ ಓಲಾನ್ಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೂ ಹೀಗೆಯೇ. ಇನ್ಸುಲಿನ್ ಹಾಕಿಕೊಳ್ಳುವವರು ಶುಗರ್ ಇಳಿಯುತ್ತದೆಯೋ ಎಂದು ನೋಡುತ್ತಿರಬೇಕು. ಚಹಾ ಕಾಫಿಯ ಕೆಫೀನ್ ಕೂಡ ಹೀಗೇ ಉಳಿದು ನಿದ್ದೆ ಕೆಡಿಸುತ್ತದೆ, ಅರ್ಧಕ್ಕೆ ಇಳಿಸಿ. ಈ ಬದಲಾವಣೆಗೆ ಕಾರಣ ಹೊಗೆ, ನಿಕೋಟಿನ್ ಅಲ್ಲ. ಹಾಗಾಗಿ ಗಮ್ ಜಗಿದರೂ ಇದು ತಪ್ಪುವುದಿಲ್ಲ.

ಇ-ಸಿಗರೇಟು 2019ರಿಂದ ದೇಶದಲ್ಲಿ ನಿಷೇಧ, ಅದರ ಮಾತು ಬಿಡಿ. ಘಟ್ಟದ ಮೇಲೆ ಬೀಡಿ ಬಿಟ್ಟು ಕವಳಕ್ಕೆ ತಂಬಾಕು ಹೆಚ್ಚಿಸುವವರಿದ್ದಾರೆ. ಅಡಿಕೆಯ ನಾಡಿನಲ್ಲಿ ನಿಂತು ಹೇಳಲು ಕಷ್ಟವಾದರೂ, ಅದು ಶ್ವಾಸಕೋಶದಿಂದ ಬಾಯಿಗೆ ರೋಗವನ್ನು ಸ್ಥಳಾಂತರಿಸಿದಂತೆ.

ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಒಂದು ಅನುಕೂಲವಿದೆ. ಆರು ತಿಂಗಳು ಆರೋಗ್ಯ ಸಿಬ್ಬಂದಿ ವಿಚಾರಿಸುತ್ತಲೇ ಇರುತ್ತಾರೆ. ಬೀಡಿಯ ಪ್ರಶ್ನೆಯನ್ನೂ ಆ ಭೇಟಿಗೇ ಸೇರಿಸಿಕೊಂಡರೆ ಬೇರೆ ಓಡಾಟ ಬೇಡ. ಆಪರೇಶನ್‌ಗೆ ದಿನ ಕೊಟ್ಟಿದ್ದರೆ, ಅದಕ್ಕೆ ನಾಲ್ಕು ವಾರ ಮುಂಚೆ ಬಿಟ್ಟವರ ಗಾಯ ಚೆನ್ನಾಗಿ ಮಾಯುತ್ತದೆ. ಅಷ್ಟು ಸಮಯವಿಲ್ಲದಿದ್ದರೂ ಇಂದೇ ಬಿಡುವುದರಿಂದ ನಷ್ಟವಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಕೈಯಲ್ಲಿ ದುಡ್ಡಿಲ್ಲದವರಿಗೆ ಕ್ವಿಟ್‌ಲೈನ್ ಜೊತೆಗೆ ಸರಕಾರಿ ಆಸ್ಪತ್ರೆಯಲ್ಲಿ ಸಿಕ್ಕಷ್ಟು ಗಮ್. ಹಲ್ಲು ಗಟ್ಟಿ ಇದ್ದು, ಬೋಟು ತೋಟದ ಕೆಲಸಕ್ಕೆ ಮರಳುವವರಿಗೆ 4 ಮಿಲಿಗ್ರಾಂ ಗಮ್ ಮತ್ತು ಕ್ವಿಟ್‌ಲೈನ್. ಹಿಂದೆ ಎರಡು ಮೂರು ಸಲ ಸೋತವರಿಗೆ, ಹೃದಯದ ಕಾಯಿಲೆಯವರಿಗೆ, ಖರ್ಚು ತಡೆಯುವುದಾದರೆ ವಾರೆನಿಕ್ಲಿನ್, ಅದೂ ಮತ್ತೆ ತೋರಿಸಲು ಹತ್ತಿರದಲ್ಲೇ ವೈದ್ಯರಿದ್ದರೆ. ಯಾವುದನ್ನೇ ಆರಿಸಿದರೂ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬೇಕು: ಬೀಡಿ ಬಿಟ್ಟ ದಿನ, ಕೊಟ್ಟ ಔಷಧ, ಎಷ್ಟು ವಾರ. ಎದೆಯ ಎಕ್ಸರೇಯಿಂದ ಹಿಡಿದು ಉಪ್ಪು ಎಷ್ಟು ತಿನ್ನಬೇಕು ಎಂಬವರೆಗೆ ಬರೆದು, ದಿನಕ್ಕೆ ಎರಡು ಕಟ್ಟು ಸೇದುವ ಮನುಷ್ಯನ ಬೀಡಿಯ ಬಗ್ಗೆ ಒಂದಕ್ಷರ ಬರೆಯದ ಚೀಟಿಗಳು ನನ್ನ ಕೌಂಟರಿಗೆ ಬರುತ್ತವೆ. ಆ ಸಾಲಿದ್ದರೆ ಊರಿನ ಡಾಕ್ಟರು ಅಲ್ಲಿಂದ ಮುಂದುವರಿಸುತ್ತಾರೆ, ನಾನೂ 4 ಮಿಲಿಗ್ರಾಂ ಕೊಡಬಹುದು.

ತದಡಿಯ ಆ ಮೀನುಗಾರರು ಈ ವರ್ಷ ಮೇ ಕೊನೆಗೆ ಮತ್ತೆ ದಮ್ಮು ಹೆಚ್ಚಾಗಿ ಅಡ್ಮಿಟ್ ಆದರು. ಈ ಸಲ ಹೆಂಡತಿ ವಾರ್ಡಿನಿಂದಲೇ ನನಗೆ ಫೋನ್ ಮಾಡಿದರು, ಚೀಟಿಗೆ ಗಮ್ ಬರೆಸಿಕೊಂಡರು, ಕ್ವಿಟ್‌ಲೈನಿಗೆ ಗಂಡನ ಕೈಯಿಂದಲೇ ಕರೆ ಮಾಡಿಸಿದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲಿ, ಅವರು ಮನೆಯಲ್ಲಿ. ನನಗೆ ಭಯವಿದ್ದದ್ದು ಆಗಸ್ಟಿನದ್ದು. ಬೋಟಿನಲ್ಲಿ ಉಳಿದ ಆರು ಜನರೂ ಸೇದುವವರೇ. 12 ವಾರದ ಲೆಕ್ಕ ಆಗಸ್ಟ್ ಕೊನೆಯವರೆಗೆ ಬರುವ ಹಾಗೆ ಗಮ್ ಎಣಿಸಿ ಕೊಟ್ಟೆ, ಬಲೆಯ ಪಕ್ಕ ಒದ್ದೆಯಾಗದ ಡಬ್ಬಿಯಲ್ಲಿ ಇಟ್ಟುಕೊಳ್ಳಲು ಹೇಳಿದೆ. ಸೆಪ್ಟೆಂಬರಿನಲ್ಲಿ ಅಂಗಡಿಗೆ ಬಂದರು. ದಿನಕ್ಕೆ ಎಷ್ಟು ಗಮ್ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿ, "ರಾತ್ರಿ ಬಲೆ ಎಳೆಯೋ ಹೊತ್ತಿಗೆ ಒಂದು, ಬೆಳಗ್ಗೆ ಒಂದು" ಅಂದರು. ಬೀಡಿ? ಇಲ್ಲ ಎಂದು ತಲೆಯಾಡಿಸಿ, ಇನ್ನೊಂದು ಸ್ಟ್ರಿಪ್ ತೆಗೆದುಕೊಂಡು ಹೋದರು.